ಚೆಂಡು ಬರುವ ಮೊದಲೇ ಗೆಜ್ಜೆ

ಮಗಳ ಶಾಲೆಯಲ್ಲಿ ಹುಡುಗಿಯರ ಕುಣಿತ ಇದೆಯೇನೋ ಎಂದುಕೊಂಡೇ ರಾಜಾತಿ ಗೆಜ್ಜೆ ಹೊಲಿಯಲು ಕೂತಿದ್ದಳು. ಸೇಲಂನ ಗುಗೈನಲ್ಲಿದ್ದ ಆ ಮನೆಯ ನಡುಮನೆಯಲ್ಲಿ ಅರ್ಧ ಜಾಗವನ್ನು ಮಗ್ಗವೇ ನುಂಗಿತ್ತು. ಉಳಿದರ್ಧದಲ್ಲಿ ಕಾಲು ನೀಡಿ ಕೂತು, ಅಗಲವಾದ ಎಲಾಸ್ಟಿಕ್ ಪಟ್ಟಿಗೆ ಒಂದೊಂದೇ ಗೆಜ್ಜೆ ಪೋಣಿಸಿ ಬಿಗಿಯುತ್ತಿದ್ದಳು. ಗಂಡ ಧನಶೇಖರ್ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಬಿಳಿ ರೇಷ್ಮೆ ಪಂಚೆ ನೇಯುತ್ತಿದ್ದ. ಲಾಳಿಯ ಸದ್ದಿಗೆ ಗೆಜ್ಜೆಯ ಸದ್ದು ಸೇರಿ ಮನೆಯೇ ಹಬ್ಬದ ಮನೆಯಂತಾಗಿತ್ತು.

ಮಗಳು ಸತ್ಯಾ ಕಡಯಂಪಟ್ಟಿಯ ಹೆಣ್ಣುಮಕ್ಕಳ ಸರ್ಕಾರಿ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಬೀದಿಯಲ್ಲಿ ಯಾರಾದರೂ ರಾಜಾತಿಯನ್ನು "ಟೀಚರಮ್ಮನ ಅಮ್ಮ" ಎಂದರೆ ಸಾಕು, ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಯಾವ ಪಾಟ್ಟುಗೆ ಕುಣಿಸ್ತೀಯೇ ಸತ್ಯಾ?" ಎಂದು ಕೇಳಿದಳು.

"ಪಾಟ್ಟೂ ಇಲ್ಲ, ಕುಣಿತಾನೂ ಇಲ್ಲಮ್ಮ. ಇದು ಸೈನ್ಸು. ಓಮಲೂರಲ್ಲಿ ಎಲ್ಲಾ ಸ್ಕೂಲೂ ಸೇರಿ ಎಕ್ಸಿಬಿಷನ್ ಐತೆ. ಬೇರೆಯೋರೆಲ್ಲ ತರ್ಮಾಕೋಲ್‌ನಾಗೆ ಮಾಡ್ಕಂಡು ಬತ್ತಾರೆ. ನಾನು ಹುಡ್ಗೀರನ್ನೇ ಇಟ್ಕಂಡು ಮಾಡಿಸ್ತೀನಿ."

ರಾಜಾತಿಗೆ ಅದು ಅರ್ಥವಾಗಲಿಲ್ಲ. ಸತ್ಯಾ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ತರಗತಿಯಲ್ಲಿ ತಮಿಳಿನಲ್ಲಿ ಹೇಳುವುದನ್ನೆಲ್ಲ ಮನೆಯ ಕನ್ನಡಕ್ಕೆ ತಂದು ಹೇಳತೊಡಗಿದಳು. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಮೇಲೆ ತೆಳ್ಳನೆಯ ಪೊರೆ ಇರುತ್ತದೆ. ಗೋಡೆಯ ಹಾಗೆ ಗಟ್ಟಿಯಲ್ಲ, ಎಣ್ಣೆಯ ಹಾಗೆ ಸರಿಯುತ್ತಾ ಇರುತ್ತದೆ. ಅದರಲ್ಲಿ ಏರ್ಪಿಗಳು ತೇಲಾಡಿಕೊಂಡಿರುತ್ತವೆ.

"ಏರ್ಪಿ ಅಂದ್ರೆ?"

"ತಮಿಳು ಪುಸ್ತಕದಾಗೆ ಅಂಗಂತಾರೆ. ಇಂಗ್ಲಿಷ್‌ನಾಗೆ ರಿಸೆಪ್ಟರ್. ನಮ್ ಮಾತಲ್ಲಿ ಅದಕ್ಕೆ ಎಸ್ರಿಲ್ಲಮ್ಮ. ಅದ್ರ ತಲೆ ಸೆಲ್ಲಿಂದ ಆಚೆ, ಕಾಲು ಒಳಗೆ. ಆಚೆಯಿಂದ ಒಂದು ಸುದ್ದಿ ಬಂದ್ರೆ ಅದನ್ನ ಒಳಕ್ಕೆ ಮುಟ್ಟಿಸೋದು ಅದ್ರ ಕೆಲ್ಸ. ಆದ್ರೆ ಒಂಟಿಯಾಗಿದ್ರೆ ಏನೂ ಆಗಲ್ಲ. ಜೋಡಿ ಬೇಕು."

ಆಟ ಹೀಗಿತ್ತು. ಮೈದಾನದ ನೆಲವೇ ಪೊರೆ, ಹುಡುಗಿಯರೇ ಏರ್ಪಿಗಳು. ಎಲ್ಲರೂ ಎದೆಯ ಮೇಲೆ ಕೈಕಟ್ಟಿಕೊಂಡು ಸುಮ್ಮನೆ ಅಡ್ಡಾಡುತ್ತಿರಬೇಕು. ಹೊರಗಿನಿಂದ ಯಾರೋ ಚೆಂಡು ಎಸೆಯುತ್ತಾರೆ. ಚೆಂಡು ಹಿಡಿದವಳು ಕಟ್ಟಿದ ಕೈ ಬಿಚ್ಚಿ ಒಂದು ತೋಳನ್ನು ಚಾಚಬಹುದು. ತೋಳು ಚಾಚಿದ ಇನ್ನೊಬ್ಬಳು ಸಿಕ್ಕರೆ ಇಬ್ಬರೂ ಕೈ ಹಿಡಿಯುತ್ತಾರೆ. ಆಮೇಲೆ ಬಗ್ಗಿ ಇವಳು ಅವಳ ಕಾಲಿಗೆ, ಅವಳು ಇವಳ ಕಾಲಿಗೆ ಗೆಜ್ಜೆ ತೊಡಿಸಬೇಕು. ತನ್ನ ಕಾಲಿಗೆ ತಾನೇ ತೊಟ್ಟುಕೊಳ್ಳುವ ಹಾಗಿಲ್ಲ. ತೊಟ್ಟ ಮೇಲೆ ಇಬ್ಬರೂ ಕಾಲು ಬಡಿದರೆ ಗೆಜ್ಜೆ ಸದ್ದಾಗುತ್ತದೆ. ಆ ಸದ್ದೇ ಕೋಶದ ಒಳಕ್ಕೆ ಮುಟ್ಟಿದ ಸುದ್ದಿ. ಹೀಗೆ ಕೂಡಿದ ಜೋಡಿಗಳು ಒಂದರ ಪಕ್ಕ ಒಂದು ಗುಂಪುಗೂಡಿದಷ್ಟೂ ಸದ್ದು ಜೋರಾಗುತ್ತದೆ.

"ಒಳಕ್ಕೆ ಏನ್ ಸುದ್ದಿ ಓಯ್ತದೆ?" ಎಂದಳು ರಾಜಾತಿ.

ಸತ್ಯಾ ಒಂದು ಗೆಜ್ಜೆ ಎತ್ತಿಕೊಂಡಳು. "ಬೆಳೆ ಅಂತ. ಒಂದಿದ್ದದ್ದು ಎರಡಾಗು ಅಂತ."

ರಾಜಾತಿಯ ಕೈಯಲ್ಲಿದ್ದ ಸೂಜಿ ನಿಂತಿತು. "ಇದು ನನ್ ಕತೆನಾ?"

"ನಿನ್ ಕತೆ ಇದ್ರ ಮುಂದಿನ ಭಾಗ. ಅದನ್ನ ನಾನು ಹಾಕಿಲ್ಲ, ಹಾಕೋದೂ ಇಲ್ಲ. ನಿನ್ ಮೇಲೆ ಆಣೆ ಅಮ್ಮ."

ಮಗ್ಗದ ಸದ್ದೂ ನಿಂತಿತ್ತು. ಧನಶೇಖರ್ ಒಮ್ಮೆ ಇತ್ತ ನೋಡಿ ಮತ್ತೆ ಲಾಳಿ ಎಳೆದ.

ಮೂರು ವರ್ಷದ ಹಿಂದೆ ರಾಜಾತಿಗೆ ಎಡಗಡೆ ಎದೆಯಲ್ಲಿ ಗಡ್ಡೆ ಬಂದಿತ್ತು. ಅದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಡಾಕ್ಟರಮ್ಮ "ಪಾಸಿಟಿವ್" ಎಂದಾಗ, "ಕೊರೊನಾನಾ ಮೇಡಂ?" ಎಂದು ರಾಜಾತಿ ಮೂಗಿಗೆ ಸೆರಗು ಹಿಡಿದಿದ್ದಳು. ಅದಲ್ಲ, ಇದು ಕ್ಯಾನ್ಸರಿನಲ್ಲೇ ಒಂದು ಬಗೆ, ಇದಕ್ಕೆ ಬೇರೆ ಸೂಜಿಮದ್ದು ಇದೆ, ಹೆದರಬೇಡ ಎಂದರು. ಗಡ್ಡೆ ಕೊಯ್ದರು, ಕೀಮೋ ಹಾಕಿದರು. ಆಮೇಲೆ ವರ್ಷವಿಡೀ ಮೂರು ವಾರಕ್ಕೊಮ್ಮೆ ಸೂಜಿ. ಈಗ ಎಲ್ಲ ಗುಣವಾಗಿತ್ತು. ಆದರೆ ಯಾವುದು ಪಾಸಿಟಿವ್, ಆ ಸೂಜಿ ಮೈಯೊಳಗೆ ಹೋಗಿ ಏನು ಮಾಡಿತು ಎಂದು ರಾಜಾತಿ ಕೇಳಿರಲಿಲ್ಲ. ಕೇಳಬೇಕಾದರೆ ಆ ಜಾಗದ ಹೆಸರು ಬಾಯಿಗೆ ಬರಬೇಕಲ್ಲ.

ಬೀದಿಯವರಿಗೂ ತಿಳಿಸಿರಲಿಲ್ಲ. ಮದುವೆಗೆ ಬಂದ ಮಗಳಿದ್ದಾಳೆ, ಈ ಕಾಯಿಲೆಯ ಹೆಸರು ಮನೆಗೆ ಅಂಟಬಾರದು ಎಂಬುದು ರಾಜಾತಿಯದೇ ಹಟ. ತಲೆಕೂದಲು ಉದುರಿದಾಗ ಪಳನಿಗೆ ಹೋಗಿ ಮುಡಿ ಕೊಟ್ಟು ಬಂದೆ ಎಂದಳು. ಪಕ್ಕದ ಮನೆಯ ಪಾಪಮ್ಮ, "ಪಳನಿಗೆ ಓಗಿ ಬರೀ ಕೈಯಲ್ಲಿ ಬಂದ್ಯಾ? ಪಂಚಾಮೃತ ಎಲ್ಲಿ?" ಎಂದು ಕೇಳಿಯೇಬಿಟ್ಟಳು. ಪಾಪ, ಧನಶೇಖರ್ ಸಂಜೆ ಸೈಕಲ್ ಹತ್ತಿ ಅಂಗಡಿ ಅಂಗಡಿ ಸುತ್ತಿ ಎಲ್ಲಿಂದಲೋ ಪಂಚಾಮೃತದ ಡಬ್ಬಿ ತಂದ. ಬೀದಿಗೆಲ್ಲ ಹಂಚಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರು.

ಸತ್ಯಾ ಆಗ ಹಗಲು ಪಾಠ ಮಾಡಿ, ಸಂಜೆ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತು ಆ ಸೂಜಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದಳು. ಈ ವರ್ಷ ತರಗತಿಗೆಂದು ಅವಳಿಗೆ ಬೇರೆ ಯಾವ ವಿಷಯವೂ ಹೊಳೆಯದೆ ಇದೇ ಹೊಳೆದದ್ದಕ್ಕೆ ಕಾರಣ ಅದು.

ಓಮಲೂರಿಗೆ ರಾಜಾತಿಯೂ ಹೊರಟಳು. ಗೆಜ್ಜೆ ಕಿತ್ತುಬಂದರೆ ಹೊಲಿದುಕೊಡಲು ಯಾರಾದರೂ ಬೇಕು ಎಂಬುದು ನೆಪ. ಮಗಳು ನಾಲ್ಕು ಜನರ ಮುಂದೆ ಮೈಕ್ ಹಿಡಿಯುವುದನ್ನು ನೋಡಬೇಕು ಎಂಬುದು ನಿಜ.

ಪ್ರದರ್ಶನ ನಡೆಯುತ್ತಿದ್ದ, ಬೆಂಗಳೂರು ರಸ್ತೆಯ ಪಕ್ಕದ ಶಾಲೆಯ ಅಂಗಳ ಸಂತೆಯಂತಿತ್ತು. ಬಲ್ಬು ಮಿನುಗುವ ಹೃದಯ, ಹೊಗೆ ಕಾರುವ ಬೆಟ್ಟ, ನೀರು ಸೋಸುವ ಮಡಕೆಗಳು. ಮೊದಲೇ ಎಡವಟ್ಟಾಯಿತು. ಸತ್ಯಾಳಿಗೆ ಕಬಡ್ಡಿ ಅಂಕಣ ಪೂರ್ತಿ ಕೊಡುತ್ತೇವೆ ಎಂದಿದ್ದರು. ಬಂದು ನೋಡಿದರೆ ಅದರ ಅರ್ಧಕ್ಕೆ ಹಗ್ಗ ಕಟ್ಟಿ, ಶಂಕಗಿರಿ ಕಡೆಯ ಒಂದು ಶಾಲೆ ನೀರಿನ ರಾಕೆಟ್ ನಿಲ್ಲಿಸಿತ್ತು. ಅದನ್ನು ಸರಿಸುವ ಹಾಗಿರಲಿಲ್ಲ.

"ಮಿಸ್, ಇಷ್ಟು ಜಾಗದಲ್ಲಿ ಹೆಂಗೆ ಮಿಸ್?" ಎಂದಳು ಶರಣ್ಯ. ಹನ್ನೊಂದನೆಯ ತರಗತಿಯ ಈ ಹುಡುಗಿಯೇ ತಂಡದ ಮುಂದಾಳು. ಮನೆಯಲ್ಲಿ ಕನ್ನಡ ಆಡುವ ರೈತರ ಮಗಳು. ಸತ್ಯಾ ಒಂದು ಗಳಿಗೆ ಹಗ್ಗವನ್ನೇ ನೋಡಿ, "ಯಾರನ್ನೂ ಬಿಡೋದು ಬೇಡ. ಎಲ್ಲರೂ ಬಂದಿದ್ದೀರಿ, ಎಲ್ಲರೂ ಆಡಿ" ಎಂದಳು.

ತೀರ್ಪುಗಾರರು ಬಂದರು. ಅವರಲ್ಲಿ ಹಿರಿಯರು ಸುಬ್ರಮಣಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಸುತ್ತ ಹುಡುಗಿಯರ ಅಪ್ಪ ಅಮ್ಮಂದಿರು, ಬೇರೆ ಶಾಲೆಯ ಮಕ್ಕಳು. ಸತ್ಯಾ ಮೈಕ್ ಹಿಡಿದು ತಮಿಳಿನಲ್ಲಿ ನಿಧಾನವಾಗಿ, ಒಂದು ಮಾತೂ ತೊದಲದೆ ವಿವರಿಸಿದಳು. ರಾಜಾತಿ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು, ಯಾರು ಯಾರು ತನ್ನ ಮಗಳನ್ನು ನೋಡುತ್ತಿದ್ದಾರೆ ಎಂದು ಸುತ್ತಲೂ ನೋಡಿದಳು. ಎಲ್ಲರೂ ನೋಡುತ್ತಿದ್ದರು.

ಹುಡುಗಿಯರು ಕೈಕಟ್ಟಿಕೊಂಡು ಅಡ್ಡಾಡತೊಡಗಿದರು. ಜಾಗ ಇಕ್ಕಟ್ಟು, ಭುಜಕ್ಕೆ ಭುಜ ತಾಗುತ್ತಿತ್ತು. ಸತ್ಯಾ, "ಈಗ ಹೊರಗಿನಿಂದ ಸುದ್ದಿ ಬರುತ್ತದೆ" ಎಂದು ಚೆಂಡು ಹಿಡಿದಿದ್ದ ಹುಡುಗಿಯ ಕಡೆ ತಿರುಗಿದಳು.

ಚೆಂಡು ಇನ್ನೂ ಕೈಬಿಟ್ಟಿರಲಿಲ್ಲ. ಅಂಕಣದ ನಡುವಿನಿಂದ ಘಲ್ ಎಂದಿತು. ಮತ್ತೊಂದು ಮೂಲೆಯಲ್ಲೂ ಘಲ್ ಘಲ್.

ಸುಬ್ರಮಣಿಯವರು ಕೈಯೆತ್ತಿದರು. ಚೆಂಡು ಬಾರದೆ ಗೆಜ್ಜೆ ಹೇಗೆ ಬಂತು, ನಿಮ್ಮ ಮಕ್ಕಳು ತಪ್ಪು ಮಾಡಿದರಲ್ಲಮ್ಮ ಎಂದರು ತಮಿಳಿನಲ್ಲಿ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆದರೂ ಮಕ್ಕಳ ಗುಂಪಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ರಾಜಾತಿ ನಕ್ಕ ಮಕ್ಕಳ ಕಡೆ ದುರುಗುಟ್ಟಿ ನೋಡಿದಳು.

ಶರಣ್ಯ ಅಳುಮುಖ ಮಾಡಿಕೊಂಡು ಮುಂದೆ ಬಂದಳು. ಗಾಬರಿಗೆ ಅವಳ ಬಾಯಿಂದ ಮನೆಮಾತೇ ಬಂತು. "ನಂದೇ ತಪ್ಪು ಮಿಸ್. ಕೈ ಸೋತೋಯ್ತು, ಒಂದ್ ಗಳಿಗೆ ಬಿಟ್ಟೆ. ದಿನಾ ಅಂಗೇ ಬಿಡ್ತಿದ್ದೆ ಮಿಸ್, ನೀವು ನೋಡಿಲ್ಲ. ನಮ್ ಸ್ಕೂಲಲ್ಲಿ ಪಕ್ಕದಾಗೆ ಯಾರೂ ಇರ್ತಿರ್ಲಿಲ್ಲ, ಅದಕ್ಕೆ ತಿರುಗಾ ಕಟ್ಕಂತಿದ್ದೆ. ಇವತ್ತು ಬಿಟ್ಟ ತಕ್ಷಣ ರೋಜಾ ಕೈ ಅಲ್ಲೇ ಸಿಕ್ತು. ಸಿಕ್ಕಿದ ಮೇಲೆ ಅಭ್ಯಾಸಬಲ, ಗೆಜ್ಜೆ ಆಕ್ಬುಟ್ಟೆ."

ಸತ್ಯಾ ಬೈಯುತ್ತಾಳೆ ಎಂದೇ ಎಲ್ಲರೂ ಕಾದರು. ಅವಳು ಬಾಯಿ ಸ್ವಲ್ಪ ತೆರೆದು ಶರಣ್ಯಳನ್ನೇ ನೋಡುತ್ತಾ ನಿಂತಳು. ನೋಡುತ್ತಿದ್ದಂತೆ ಅವಳ ಮುಖ ಅರಳಿತು. ಬಂದು ಹುಡುಗಿಯ ಭುಜ ಹಿಡಿದು ಸುಬ್ರಮಣಿಯವರ ಕಡೆ ತಿರುಗಿಸಿದಳು.

"ಇವಳು ತಪ್ಪು ಮಾಡಿಲ್ಲ ಸಾರ್. ಏರ್ಪಿಯ ತೋಳೂ ಹೀಗೇ. ಯಾರೂ ಕರೆಯದಿದ್ದರೂ ಆಗೊಮ್ಮೆ ಈಗೊಮ್ಮೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸುತ್ತ ಯಾರೂ ಇಲ್ಲದಿದ್ದರೆ ಮತ್ತೆ ಮಡಚಿಕೊಳ್ಳುತ್ತದೆ, ಏನೂ ಆಗುವುದಿಲ್ಲ. ಆದರೆ ಇಕ್ಕಟ್ಟಾದರೆ, ಬಿಚ್ಚಿಕೊಂಡಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ತೋಳು ಇದ್ದೇ ಇರುತ್ತದೆ. ಆಗ ಚೆಂಡು ಬೇಕಾಗಿಲ್ಲ. ಸುದ್ದಿಯೇ ಬಾರದೆ ಒಳಗೆ ಸುದ್ದಿ ಮುಟ್ಟಿಬಿಡುತ್ತದೆ."

ಸುಬ್ರಮಣಿಯವರು ಹುಬ್ಬೇರಿಸಿದರು. "ಹಾಗಾದರೆ ತೋರಿಸು. ಇನ್ನೂ ಇಕ್ಕಟ್ಟು ಮಾಡು."

ಸತ್ಯಾ ಚೆಂಡುಗಳನ್ನೆಲ್ಲ ಚೀಲಕ್ಕೆ ಹಾಕಿಸಿದಳು. ಸುತ್ತ ನಿಂತು ನಗುತ್ತಿದ್ದ ಬೇರೆ ಶಾಲೆಯ ಹುಡುಗಿಯರನ್ನೂ ಒಳಗೆ ಕರೆದು ಮಿಕ್ಕ ಗೆಜ್ಜೆಗಳನ್ನು ಹಂಚಿದಳು. ಅಂಕಣ ಬೆಳಗಿನ ಟೌನ್ ಬಸ್ಸಿನಂತೆ ಕಿಕ್ಕಿರಿಯಿತು. ಕೈ ಸೋತಾಗ ಒಂದು ಗಳಿಗೆ ಬಿಡಿ, ಯಾರೂ ಸಿಗದಿದ್ದರೆ ಮತ್ತೆ ಕಟ್ಟಿಕೊಳ್ಳಿ ಎಂದಷ್ಟೇ ಹೇಳಿದಳು. ಮೊದಲು ಅಲ್ಲೊಂದು ಇಲ್ಲೊಂದು ಗೆಜ್ಜೆ. ಆಮೇಲೆ ಗುಂಪು ಗುಂಪಾಗಿ. ಸ್ವಲ್ಪ ಹೊತ್ತಿಗೆ ಇಡೀ ಅಂಕಣ ಝಲ್ಲೆಂದು ಮೊಳಗತೊಡಗಿತು. ರಾಕೆಟ್ ನೋಡುತ್ತಿದ್ದವರೆಲ್ಲ ಇತ್ತ ಓಡಿಬಂದರು. ಒಂದು ಚೆಂಡೂ ಬಿದ್ದಿರಲಿಲ್ಲ. ಸದ್ದು ನಿಲ್ಲುವ ಲಕ್ಷಣವೂ ಇರಲಿಲ್ಲ.

ರಾಜಾತಿ ಕಲ್ಲಿನ ಮೇಲಿಂದ ಎದ್ದು ನಿಂತಿದ್ದಳು. ಬೆಳೆ, ಬೆಳೆ, ಬೆಳೆ. ಯಾರೂ ಕೇಳದೆ, ಯಾರೂ ಹೇಳದೆ. ತನ್ನ ಮೈಯೊಳಗೆ ಇದೇ ಆಗಿತ್ತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಯಾವ ದೇವರ ಸಿಟ್ಟಿಗೆ ಇದು ಬಂತೋ ಎಂದು ಅವಳು ಎಷ್ಟು ಸಲ ಗೋಡೆಗೆ ತಲೆಯಾನಿಸಿ ಅತ್ತಿದ್ದಳು! ಇಲ್ಲಿ ನೋಡಿದರೆ ಯಾರ ಸಿಟ್ಟೂ ಇಲ್ಲ, ಯಾವ ಪಾಪವೂ ಇಲ್ಲ. ಬರೀ ಇಕ್ಕಟ್ಟು.

ಸುಬ್ರಮಣಿಯವರು ಕೈಸನ್ನೆಯಿಂದ ಸದ್ದು ನಿಲ್ಲಿಸಿದರು. ಇದು ನಿಜವಾಗಿ ಎಲ್ಲಿ ಆಗುತ್ತದೆ ಎಂದು ಕೇಳಿದರು.

"ಕೆಲವು ಕ್ಯಾನ್ಸರ್‌ಗಳಲ್ಲಿ ಸಾರ್. ಮುಖ್ಯವಾಗಿ ಹೆಂಗಸರ... ಎದೆಯ ಕ್ಯಾನ್ಸರಿನ ಒಂದು ಬಗೆಯಲ್ಲಿ. ಒಂದು ಜಾತಿಯ ಏರ್ಪಿ ಮಿತಿಮೀರಿ ಹುಟ್ಟಿಕೊಂಡಿರುತ್ತದೆ."

"ಓದಿದ್ದೋ, ಅಂಥವರನ್ನು ನೋಡಿದ್ದೀಯೋ?"

ಅಲ್ಲಿಯವರೆಗೆ ಮಾತುಮಾತಿಗೂ ಬೇಲಿಯ ಕಡೆ ನೋಡುತ್ತಿದ್ದ ಸತ್ಯಾ ಈಗ ಅತ್ತ ಬಿಟ್ಟು ಬೇರೆಲ್ಲ ಕಡೆ ನೋಡಿದಳು. "ಓದಿದ್ದು ಸಾರ್" ಎಂದಳು ತಲೆ ತಗ್ಗಿಸಿ.

ಮಗಳು ಇಷ್ಟು ಜನರ ಮುಂದೆ ತನಗಾಗಿ ಸುಳ್ಳು ಹೇಳಿದ್ದು ರಾಜಾತಿಗೆ ಹಿಡಿಸಲಿಲ್ಲ. ಇಷ್ಟು ಚೆನ್ನಾಗಿ ಮಾಡಿದವಳು ಯಾಕೆ ತಲೆ ತಗ್ಗಿಸಬೇಕು? ಅವಳ ಕಾಲುಗಳು ತಾವಾಗಿ ನಡೆದವು.

"ನೋಡವಳೆ ಸಾರ್" ಎಂದಳು, ಹಗ್ಗದ ಹತ್ತಿರ ನಿಂತು. ತಮಿಳಿನಲ್ಲಿ ಶುರುಮಾಡಬೇಕೆಂದಿದ್ದಳು, ಬಂದದ್ದು ಕನ್ನಡ. "ನಾನು ಅವ್ಳ ಅಮ್ಮ. ನಂಗೇ ಬಂದಿತ್ತು. ಇಲ್ಲಿ." ಎಡಗೈಯನ್ನು ಸೆರಗಿನ ಮೇಲೆ ಎದೆಗೆ ಒತ್ತಿ ಹಿಡಿದಳು. "ಮೂರು ವರ್ಷ ಆಯ್ತು. ಈಗ ನಂಗೆ ಏನೂ ಇಲ್ಲ. ನೋಡಿ, ಗುಂಡುಕಲ್ಲು ಇದ್ದಂಗೆ ಇವ್ನಿ."

ಸತ್ಯಾ ಅದನ್ನು ತಮಿಳಿನಲ್ಲಿ ಹೇಳಬೇಕಾಯಿತು. ಒಂದಕ್ಷರವನ್ನೂ ಬಿಡಲಿಲ್ಲ. ಸುಬ್ರಮಣಿಯವರು ಕೂತಿದ್ದ ಕುರ್ಚಿಯಿಂದ ಎದ್ದು ಅದನ್ನು ರಾಜಾತಿಯ ಕಡೆ ಸರಿಸಿದರು. ಅವಳು ಕೂರಲಿಲ್ಲ.

"ಸತ್ಯಾ, ನಂಗೊಂದು ಮಾತು ಏಳು. ವರ್ಷ ಪೂರ್ತಿ ಸೂಜಿ ಆಕಿದ್ರಲ್ಲ, ಅದು ಒಳಗೋಗಿ ಏನ್ ಮಾಡ್ತು?"

"ಅದು ಆಚೆಯಿಂದ ಬಂದು ಈ ಏರ್ಪಿಗಳನ್ನ ಇಡ್ಕಂತದೆ ಅಮ್ಮ. ಸೂಜಿಮದ್ದಿನಾಗೂ ಬೇರೆ ಬೇರೆ ಜಾತಿ ಐತೆ. ನಿಂಗೆ ಎರಡು ಜಾತಿ ಕೊಟ್ರು. ಅದ್ರಾಗೊಂದು, ಯಾವ ತೋಳು ಇನ್ನೊಬ್ರ ಕೈ ಇಡೀಬೇಕೋ ಆ ತೋಳನ್ನೇ ಇಡ್ದು ನಿಂತ್ಕಂತದೆ. ಆಮ್ಯಾಲೆ ಜೋಡಿ ಆಗಕ್ಕಾಗಲ್ಲ."

"ಅಷ್ಟೇಯಾ? ಅಂಗಾರೆ ಸೂಜಿ ನಾನೇ ಆಯ್ತೀನಿ" ಎಂದು ರಾಜಾತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ದಾಟಿದಳು.

ಸತ್ಯಾಳ ಸನ್ನೆಗೆ ಹುಡುಗಿಯರು ಗೆಜ್ಜೆ ಬಿಚ್ಚಿ ಮತ್ತೆ ಕೈಕಟ್ಟಿ ಅಡ್ಡಾಡತೊಡಗಿದರು. ರಾಜಾತಿ ನೇರ ಶರಣ್ಯಳ ಬಳಿಗೆ ಹೋಗಿ ಅವಳ ತೋಳನ್ನು ಎರಡು ಕೈಯಿಂದಲೂ ಭದ್ರವಾಗಿ ಹಿಡಿದಳು. ಶರಣ್ಯಳ ಪಕ್ಕ ಬಂದ ರೋಜಾ ಕೈ ಬಿಟ್ಟಳು, ಹಿಡಿಯಲು ತೋಳು ಸಿಗಲಿಲ್ಲ, ಮತ್ತೆ ಕಟ್ಟಿಕೊಂಡಳು. ಆದರೆ ಬೇರೆ ಮೂಲೆಗಳಲ್ಲಿ ಗೆಜ್ಜೆ ಶುರುವಾಯಿತು. "ನಾನೊಬ್ಳೇ ಎಷ್ಟು ಜನಾನ ಇಡೀಲಿ? ಬನ್ರೇ!" ಎಂದು ರಾಜಾತಿ ಬೇಲಿಯ ಕಡೆ ಕೂಗಿದಳು. ಮೊದಲು ಬಂದವಳು ಶರಣ್ಯಳ ತಾಯಿ. ಆಮೇಲೆ ಇನ್ನೊಬ್ಬಳು, ಚಪ್ಪಲಿ ಕಳಚಿಟ್ಟು. ಆಮೇಲೆ ಯಾರ ತಾಯಿ ಯಾರ ಅತ್ತೆ ಎಂದು ತಿಳಿಯದ ಹಾಗೆ ಹೆಂಗಸರು ನುಗ್ಗಿದರು. ಒಬ್ಬೊಬ್ಬಳು ಒಂದೊಂದು ಹುಡುಗಿಯ ತೋಳು ಹಿಡಿದಳು. ಗೆಜ್ಜೆಯ ಸದ್ದು ತೆಳ್ಳಗಾಗುತ್ತಾ ಬಂತು. ಕೊನೆಗೆ ಎಲ್ಲೋ ಒಂದು ಜೋಡಿ ಮಾತ್ರ ಘಲ್ ಎಂದಿತು. ಒಬ್ಬ ಅಜ್ಜಿ ಓಡಿಹೋಗಿ ಅದನ್ನೂ ನಿಲ್ಲಿಸಿದಳು.

ಜನ ಚಪ್ಪಾಳೆ ತಟ್ಟುತ್ತಿದ್ದಾಗ ರಾಜಾತಿ ಇನ್ನೂ ಶರಣ್ಯಳ ತೋಳು ಬಿಟ್ಟಿರಲಿಲ್ಲ. "ಅಜ್ಜಿ, ಕೈ ನೋಯ್ತದೆ" ಎಂದಿತು ಹುಡುಗಿ. "ಅಜ್ಜಿ ಯಾರ್ಲೇ? ಅಮ್ಮ ಅನ್ನು" ಎಂದು ರಾಜಾತಿ ನಕ್ಕು ಬಿಟ್ಟಳು.

ಮೊದಲ ಬಹುಮಾನ ರಾಕೆಟ್ಟಿಗೆ ಹೋಯಿತು, ಎರಡನೆಯದು ಇವರಿಗೆ. ಎರಡೂ ತಂಡ ಮುಂದಿನ ಸುತ್ತಿಗೆ ಚೆನ್ನೈಗೆ ಹೋಗಬೇಕು. ಸುಬ್ರಮಣಿಯವರು ಸತ್ಯಾಳನ್ನು ಕರೆದು, ಈ ತಾಯಿಯನ್ನು ಬಿಟ್ಟು ಹೋಗಬೇಡ, ಇವರಿಲ್ಲದಿದ್ದರೆ ನಿನ್ನ ಪಾಠ ಅರ್ಧವೇ ಎಂದರು. ರಾಕೆಟ್ಟಿನ ಹುಡುಗಿಯರ ಹತ್ತಿರ ಹೋಗಿ ಶರಣ್ಯ ಥ್ಯಾಂಕ್ಸ್ ಹೇಳಿ ಬಂದಳಂತೆ; ಅವರು ಅರ್ಧ ಜಾಗ ತಿನ್ನದಿದ್ದರೆ ನಮಗೆ ಎರಡನೆಯದೂ ಬರುತ್ತಿರಲಿಲ್ಲ ಎಂದು.

ಸೇಲಂ ಬಸ್ಸಿನಲ್ಲಿ ಅಮ್ಮ ಮಗಳು ಪಕ್ಕಪಕ್ಕ ಕೂತರು. ಸತ್ಯಾ ಗೆಜ್ಜೆಯ ಚೀಲವನ್ನು ಸೀಟಿನಡಿಗೆ ತಳ್ಳಿದಳು. ಆಮೇಲೆ, "ಯಾಕಮ್ಮ ಏಳ್ದೆ? ನಾನು ಸಮಾಳಿಸ್ತಿದ್ದೆ" ಎಂದಳು.

"ನೀನು ಆ ಸಾರ್ ಮುಂದೆ ತಲೆ ಬಗ್ಗಿಸ್ದೆ. ನಂಗೆ ತಡ್ಯಕ್ಕಾಗ್ಲಿಲ್ಲ. ನನ್ ಮಗ್ಳು ಯಾಕೆ ಬಗ್ಗಿಸ್ಬೇಕು?"

"ಬೀದಿಯೋರಿಗೆ ಗೊತ್ತಾಯ್ತದೆ."

"ಆಗ್ಲಿ. ನಂಗೆ ಬಂದಿದ್ದು ಏನು ಅಂತ ನಂಗೇ ಇವತ್ತು ಗೊತ್ತಾಯ್ತು. ಅವ್ರಿಗೂ ಆಗ್ಲಿ."

ಆದರೆ ಗುಗೈನಲ್ಲಿ ಇಳಿದಾಗ ರಾಜಾತಿಗೆ ಹೆದರಿಕೆಯಾಯಿತು. ಬೀದಿಗಲ್ಲ, ಗಂಡನಿಗೆ. ಪಂಚಾಮೃತಕ್ಕಾಗಿ ಊರು ಸುತ್ತಿದ ಮನುಷ್ಯ. ಯಾರು ಕೇಳಿದರೂ ಅವಳು ತಂಗಿಯ ಮನೆಗೆ ಹೋಗಿದ್ದಾಳೆ, ಪಳನಿಗೆ ಹೋಗಿದ್ದಾಳೆ, ಮದುವೆಗೆ ಹೋಗಿದ್ದಾಳೆ ಎಂದು, ಸುಳ್ಳು ಹೇಳಿ ಗೊತ್ತಿಲ್ಲದವನು ಮೂರು ವರ್ಷ ಸುಳ್ಳು ಹೇಳಿದ್ದ. ಅದನ್ನೆಲ್ಲ ಅವಳು ಒಂದೇ ಮಧ್ಯಾಹ್ನದಲ್ಲಿ ಕೆಡವಿ ಬಂದಿದ್ದಳು.

ಧನಶೇಖರ್ ಮಗ್ಗದಲ್ಲೇ ಇದ್ದ. ಅವಳು ಚಪ್ಪಲಿ ಬಿಟ್ಟವಳೇ ಎಲ್ಲ ಹೇಳಿಬಿಟ್ಟಳು. ಅವನು ಲಾಳಿಯ ಹಗ್ಗ ಹಿಡಿದುಕೊಂಡೇ ಕೇಳಿದ.

"ಎಲ್ಲಾರ್ ಮುಂದೆ ಏಳ್ಬುಟ್ಯಾ?"

"ಏಳ್ಬುಟ್ಟೆ. ಸಿಟ್ಟಾ?"

ಅವನು ಮಗ್ಗದ ಗುಂಡಿಯಿಂದ ಕಾಲು ಮೇಲಕ್ಕೆಳೆದುಕೊಂಡು ನೆಲದ ಮೇಲೆ ಕೂತ. ಮುಖ ಒರೆಸಿಕೊಂಡ. ಹಾಗೆ ಒರೆಸಿಕೊಳ್ಳುವುದು ಬೆವರಿಗೋ ಇನ್ನೇನಕ್ಕೋ ಎಂದು ರಾಜಾತಿಗೆ ತಿಳಿಯಲಿಲ್ಲ.

"ಅಂಗಾರೆ ಇನ್ಮೇಲೆ ನಾನೂ ಏಳ್ಬೌದಾ?" ಎಂದ.

"ಏನು?"

"ನೀನು ಗೆದ್ದು ಬಂದಿದ್ದು. ಕೀಮೋ ಆಕಿಸ್ಕಂಡು ಮನೆಗೆ ಬಂದು ಅವತ್ತೇ ರಾಟೆ ಮುಂದೆ ಕುಂತಿದ್ಯಲ್ಲ. ಕೊಯ್ದಿದ್ ಕಡೆ ಕೈಯಲ್ಲೇ ಮೂರೇ ತಿಂಗ್ಳಿಗೆ ಮಗ್ಗಕ್ಕೆ ಇಳ್ದೆ. ಇದನ್ನೆಲ್ಲ ಯಾರತ್ರಾದ್ರೂ ಏಳ್ಬೇಕು ಅಂತ ನಂಗೆ ಎಷ್ಟ್ ಆಸೆ ಇತ್ತು ಗೊತ್ತಾ? ನೀನು ಬೇಡ ಅಂದೆ, ಸುಮ್ನಿದ್ದೆ."

ಮೂರು ವರ್ಷ ಅವನು ನಾಚಿಕೆಯನ್ನು ಮುಚ್ಚಿಡುತ್ತಿದ್ದಾನೆ ಎಂದು ರಾಜಾತಿ ಅಂದುಕೊಂಡಿದ್ದಳು. ಅವನು ಮುಚ್ಚಿಟ್ಟದ್ದು ಹೆಮ್ಮೆಯನ್ನು.

"ಏಳ್ಬೌದು" ಎಂದಳು.

ಅವನು ಎದ್ದು ಗೂಟದಲ್ಲಿದ್ದ ಅಂಗಿ ತೊಟ್ಟುಕೊಂಡ. ಟೀ ಅಂಗಡಿ ಅಲ್ಲೇ ಬೀದಿಯ ತಿರುವಿನಲ್ಲಿತ್ತು; ಆ ಹೊತ್ತಿಗೆ ನೇಕಾರರೆಲ್ಲ ಸೇರುವ ಜಾಗ. ರಾಜಾತಿ ಬಾಗಿಲಿಗೆ ಬಂದು ನಿಂತಳು. ಧನಶೇಖರ್ ಯಾವತ್ತೂ ಗಟ್ಟಿಯಾಗಿ ಮಾತಾಡಿದವನಲ್ಲ. ಈಗ ಅವನ ದನಿ ಇಡೀ ಬೀದಿಗೆ ಕೇಳುತ್ತಿತ್ತು.

"ಪಳನಿನೂ ಇಲ್ಲ, ಮುಡಿನೂ ಇಲ್ಲ ಕಣ್ಲಾ ಮಾರಿಯಪ್ಪ! ಕುಂತ್ಕಂಡು ಕೇಳು, ನನ್ ಹೆಂಡ್ತಿ ಏನ್ ಮಾಡವ್ಳೆ ಅಂತ..."

ಪಕ್ಕದ ಮನೆಯಿಂದ ಪಾಪಮ್ಮ ಹೊರಗೆ ಬಂದು, "ಅಂಗಾರೆ ಆ ಪಂಚಾಮೃತ ಯಾವ್ದೇ ರಾಜಾತಿ?" ಎಂದಳು. ರಾಜಾತಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಾ, "ಬಾ ಒಳಗೆ, ಅದೂ ಏಳ್ತೀನಿ" ಎಂದು ಅವಳಿಗೆ ದಾರಿ ಬಿಟ್ಟಳು.